ಮಂಡಕ್ಕಿ ಚೀಲದ ವ್ಯಾಟು

ಈ ಸಲ ಸಿಟ್ಟು ಬಂದೈತಿ, ಅದಕ್ಕೆ ಅಡುಗೆ ವಿಷಯ ಬಿಟ್ಟು ಸ್ಪೀಕರ್ ಬಗ್ಗೆ ಬರೀತಿದೀನಿ. "ಇದು ಗಂಡಸ್ರ ವಿಷಯ" ಅಂತ ಎದ್ದು ಹೋಗಬ್ಯಾಡ್ರಿ. ದುಡ್ಡು ನಮ್ಮ ಚೀಟಿದು, ಬೈಗುಳ ನಮ್ಮ ತಲೆಗೆ ಅಂದ ಮ್ಯಾಲೆ ವಿಷಯಾನೂ ನಮ್ದೇ.

ಹರಿಹರದಾಗೆ ನಮ್ಮ ತಂಗಿ ಇದಾಳಲ್ಲ, ಆಕೆ ಎರಡು ವರ್ಷ ಕಟ್ಟಿದ ಚೀಟಿ ಎತ್ತಿ ಮಗನ ಕೈಗೆ ಕೊಟ್ಲು. ಅವನು ಟಿವಿಗೆ ಅಂತ ಒಂದು ರಿಸೀವರ್ ತಂದ, ಜೊತೆಗೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಅಂದ್ರೆ ಕಪಾಟಿನ ಮ್ಯಾಲೆ ಕೂರೋವಂಥ ಸಣ್ಣ ಸ್ಪೀಕರ್. ಅಂಗಡಿಯವ ರಿಸೀವರ್ ಡಬ್ಬಿ ತೋರಿಸಿ "ಇದು 100 ವ್ಯಾಟ್" ಅಂದ, ಸ್ಪೀಕರ್ ಹಿಂದಿನ ಲೇಬಲ್ ತೋರಿಸಿ "ಇದೂ 100 ವ್ಯಾಟ್, ನೂರಕ್ಕೆ ನೂರು, ಜಾತಕ ಕೂಡಿ ಬಂತು" ಅಂದನಂತೆ. ಮೂರು ತಿಂಗಳು ಚೆನ್ನಾಗಿತ್ತು. ಮಗಳ ಕೂಸಿನ ತೊಟ್ಟಿಲ ಕಾರ್ಯದ ದಿನ ಹುಡುಗ್ರೆಲ್ಲ ಸೇರಿ ಪೂರ್ತಿ ತಿರುವಿ ಕುಣಿದ್ರು. ದನಿ ಒಡೆದು ಬಿರಿಬಿರಿ ಅಂತಿತ್ತು, ನಾನೇ ಕೇಳೀನಿ. ಯಾರೂ ಕಡಿಮೆ ಮಾಡ್ಲಿಲ್ಲ. ಮಾರನೇ ದಿನ ಒಂದು ಸ್ಪೀಕರಿನಾಗೆ ತಾಳದ ದನಿನೇ ಇಲ್ಲ, ಕಂಬಳಿ ಹೊದ್ಕೊಂಡು ಹಾಡಿದಂಗೆ. ಟ್ವೀಟರ್ ಸುಟ್ಟಿತ್ತು.

ಆಗ ಮನೆಯ ಗಂಡಸ್ರು ಏನಂದ್ರು ಗೊತ್ತಾ? "ನೀವು ದಿನಾ ಸಂಜೆ ಸೀರಿಯಲ್ ಹಾಕಿ ಹಾಕಿ ಸುಟ್ಟೀರಿ." ತಂಗಿ ಏನೂ ಮಾತಾಡದೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡ್ಲು. ನನಗೆ ಸುಮ್ನಿರೋಕೆ ಆಗ್ಲಿಲ್ಲ. ಸ್ಪೀಕರ್ ಜೊತೆ ಬಂದಿದ್ದ ಪುಸ್ತಕ, ರಿಸೀವರ್ ಪುಸ್ತಕ ಎರಡನ್ನೂ ಇಸ್ಕೊಂಡು ದಾವಣಗೆರೆಗೆ ಬಂದೆ. ಪಿಯುಸಿಯಾಗೆ ಓದಿದ ಓಮನ ನಿಯಮ ಇಷ್ಟು ವರ್ಷ ಆದ ಮ್ಯಾಲೆ ಕೆಲಸಕ್ಕೆ ಬಂತು ನೋಡ್ರಿ.

ಮೊದಲು ಆ 100 ವ್ಯಾಟಿನ ಕಥೆ ಕೇಳ್ರಿ. ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗೆ 100. ಪುಸ್ತಕದ ಕೊನೇ ಹಾಳೆಯಾಗೆ ಇರುವೆ ಸಾಲಿನಂಥ ಅಕ್ಷರದಾಗೆ: 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್ ನಡೆಸಿದಾಗ, ವಿರೂಪ 10%. ಅಂದ್ರೆ ಎರಡೂ ಸ್ಪೀಕರ್ ಒಟ್ಟಿಗೆ ಹಾಡಿಸಿ ಅಳೆದಿಲ್ಲ, ಒಂದೇ ಒಂದು ಸ್ವರಕ್ಕೆ ಅಳೆದಾರೆ, ಅದೂ ದನಿ ಹತ್ತು ಪಾಲು ಕೆಟ್ಟ ಮ್ಯಾಲೆ. ಹತ್ತು ಸೇರು ಅಕ್ಕಿಯಾಗೆ ಒಂದು ಸೇರು ಕಲ್ಲು ಇದ್ರೆ ನಾವು ತಗೊಂತೀವಾ? ಅದರ ಕೆಳಗಿನ ಸಾಲಿನಾಗೆ ಸತ್ಯ ಇತ್ತು: 8 ಓಮ್, ಎರಡು ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ತನಕ, 50 ವ್ಯಾಟ್. ತಂಗಿ ಮನೆ ಸ್ಪೀಕರ್ 8 ಓಮಿಂದೇ. ಅಲ್ಲಿಗೆ ಜಾತಕ ಎಲ್ಲಿ ಕೂಡ್ತು?

ನಮ್ಮೂರ ಮಂಡಕ್ಕಿ ಚೀಲ ನೋಡಿದೀರಲ್ಲ. ಆಳೆತ್ತರ ಇರ್ತೈತಿ, ತೂಕ ಮಾಡಿದ್ರೆ ಏನೂ ಇಲ್ಲ. ಡಬ್ಬಿ ಮ್ಯಾಲಿನ ವ್ಯಾಟೂ ಹಂಗೇ. ಇನ್ನು ಪಿಎಂಪಿಒ ಅಂತ 3000, 5000 ಬರೀತಾರಲ್ಲ, ಆ ಡಬ್ಬಿ ತಿರುವಿ ಹಿಂದೆ ನೋಡ್ರಿ. "230 ವೋಲ್ಟ್, 60 ವ್ಯಾಟ್" ಅಂತ ಇರ್ತೈತಿ. ಗೋಡೆಯಿಂದ 60 ತಗೊಂಡು ದನಿಯಾಗೆ 5000 ಕೊಡ್ತೀನಿ ಅನ್ನೋದು, ಪಾವು ಹಾಲಿಗೆ ಹತ್ತು ಸೇರು ತುಪ್ಪ ತೆಗೀತೀನಿ ಅಂದಂಗೆ. ಅಮೆರಿಕದಾಗೂ ಇಂಥ ಲೆಕ್ಕ ಬೇಕಾದಂಗೆ ನಡೀತಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಾಗೆ ನಿಯಮ ತಂದು, ವ್ಯಾಟ್ ಹೇಳೋದಾದ್ರೆ ಹೆಂಗೆ ಅಳೆದ್ರಿ ಅಂತಾನೂ ಹೇಳ್ರಿ ಅಂತು. 2024ರಾಗೆ ಅದನ್ನ ಮತ್ತೆ ಬಿಗಿ ಮಾಡ್ತು. ಐವತ್ತು ವರ್ಷ ಆದ್ರೂ ಚಾಳಿ ಬಿಡಲಿಲ್ಲ ಅಂತಲೇ ಅಲ್ವಾ?

ಈಗ ಸೀರಿಯಲ್ ಲೆಕ್ಕಕ್ಕೆ ಬರೋಣ. ಸ್ಪೀಕರ್ ಪುಸ್ತಕದಾಗೆ ಸೆನ್ಸಿಟಿವಿಟಿ ಅಂತ ಒಂದು ಸಾಲು ಇರ್ತೈತಿ. ಕೊಳ್ಳೋವಾಗ ಯಾರೂ ನೋಡದ ಸಾಲು, ಆದ್ರೆ ಎಲ್ಲಕ್ಕಿಂತ ಮುಖ್ಯ ಅದೇ. ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಾಗೆ ಎಷ್ಟು ದನಿ ಬರ್ತೈತಿ ಅನ್ನೋದು. ತಂಗಿ ಮನೆದು 84 ಡೆಸಿಬೆಲ್. ಸೋಫಾ ಎಂಟಡಿ ದೂರ. ದೂರಕ್ಕೆ ಒಂದಿಷ್ಟು ಕಳೆದು, ಎರಡು ಸ್ಪೀಕರಿಗೆ ಒಂದಿಷ್ಟು ಕೂಡಿಸಿದ್ರೆ, ಒಂದೊಂದಕ್ಕೆ ಒಂದೇ ವ್ಯಾಟ್ ಕೊಟ್ರೂ ಸೋಫಾದಾಗೆ 80ರ ಹತ್ರ ಕೇಳಿಸ್ತೈತಿ. ನಾವು ಎದುರಾಬದುರು ಕೂತು ಮಾತಾಡೋದು ಸುಮಾರು 60. ಸೀರಿಯಲ್ ಅತ್ತೆ ಎಷ್ಟು ಕೂಗಾಡಿದ್ರೂ 70 ಅಂತ ಇಟ್ಕೊಳ್ರಿ, ಅದಕ್ಕೆ ಬೇಕಾದ್ದು ಒಂದು ವ್ಯಾಟಿನ ಹತ್ತನೇ ಒಂದು ಪಾಲು. ಅಷ್ಟರಾಗೆ ಯಾವ ಸ್ಪೀಕರೂ ಸುಡಲ್ಲ. ಬೆಚ್ಚಗೂ ಆಗಲ್ಲ.

ಹಂಗಾದ್ರೆ ಸುಟ್ಟಿದ್ಯಾಕೆ? ದನಿ 10 ಡೆಸಿಬೆಲ್ ಏರಿದ್ರೆ ನಮ್ಮ ಕಿವಿಗೆ ಹತ್ರಹತ್ರ ಎರಡು ಪಟ್ಟು ಜೋರು ಅನ್ನಿಸ್ತೈತಿ, ಆದ್ರೆ ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. 20 ಏರಿಸೋಕೆ ನೂರು ಪಟ್ಟು. ಡೊಳ್ಳಿನ ಒಂದೊಂದು ಪೆಟ್ಟು ಉಳಿದ ಹಾಡಿಗಿಂತ ಅಷ್ಟು ಮ್ಯಾಲೆ ಹಾರ್ತೈತಿ. ಆ ಪೆಟ್ಟಿಗೆ ರಿಸೀವರ್ ಹತ್ರ ಉಸಿರು ಸಾಲಲಿಲ್ಲ. ಉಸಿರು ಸಾಲದೆ ಕೂಗಿದ್ರೆ ಗಂಟಲು ಒಡೀತೈತಲ್ಲ, ಹಂಗೆ ದನಿಯ ಅಲೆ ತುದಿ ಕತ್ತರಿಸಿ ಹೋಗ್ತೈತಿ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಕತ್ತರಿಸಿದ ಅಲೆಯಾಗೆ ಕೀಚಲು ಸ್ವರಗಳು ಹೊಸದಾಗಿ ಹುಟ್ಕೊಂತಾವೆ, ಅವೆಲ್ಲ ಹೋಗಿ ಬೀಳೋದು ಟ್ವೀಟರ್ ಮ್ಯಾಲೆ. ಪೆಟ್ಟಿನ ತುದಿ ಕತ್ತರಿಸಿದ್ರೂ ಉಳಿದ ಹಾಡಿನ ದನಿ ಏರ್ತಾನೇ ಇರ್ತೈತಿ, ಸ್ಪೀಕರಿಗೆ ಬಿಡುವೇ ಸಿಗಲ್ಲ. ಟ್ವೀಟರ್ ಒಳಗಿರೋ ತಂತಿ ಕೂದಲಿನಷ್ಟು ಸಣ್ಣ. ಸ್ಪೀಕರ್ ಲೇಬಲ್ 100 ಅಂದ್ರೂ ಆ ಪುಟ್ಟ ಟ್ವೀಟರ್ ಪಾಲಿಗೆ ತಡೆಯೋದು ಕೆಲವೇ ವ್ಯಾಟ್. ಬಿರಿಬಿರಿ ಅಂದಿದ್ದೇ ಎಚ್ಚರಿಕೆ. ಆಗ ಗುಂಡಿ ಇಳಿಸಿದ್ರೆ ಇವತ್ತೂ ಹಾಡ್ತಿತ್ತು.

ಕೆಲವರು ಹೇಳ್ತಾರೆ, "ಸಣ್ಣ ರಿಸೀವರ್ ತಗೊಳ್ರಿ, ದೊಡ್ಡದು ಸ್ಪೀಕರ್ ಸುಡ್ತೈತಿ" ಅಂತ. ಅರ್ಧ ನಿಜ. ದೊಡ್ಡದನ್ನೂ ಲಂಗುಲಗಾಮಿಲ್ದೆ ತಿರುವಿದ್ರೆ ಸುಡ್ತೈತಿ. ಆದ್ರೆ ಅದೇ ದನಿಗೆ ನಿಜವಾದ 80 ವ್ಯಾಟಿನದು ಆರಾಮಾಗಿ ಹಾಡ್ತೈತಿ, ಸಣ್ಣದು ಏದುಸಿರು ಬಿಡ್ತೈತಿ. ಗೋಣಿ ಹೊರೋಕೆ ಗಟ್ಟಿ ಆಳು ಬೇಕು, ಓಡಿಸೋದು ಬಿಡೋದು ನಮ್ಮ ಕೈಯಾಗೆ.

ಇನ್ನೊಂದು. 100 ವ್ಯಾಟಿನ ಬದಲು 200ಕ್ಕೆ ದುಡ್ಡು ಕೊಟ್ರೆ ಸಿಗೋದು ಬರೇ 3 ಡೆಸಿಬೆಲ್, ಚೂರು ಜೋರು ಅಷ್ಟೆ. ಅದೇ 83 ಡೆಸಿಬೆಲ್ ಸ್ಪೀಕರ್ ಬಿಟ್ಟು 89ರದ್ದು ತಗೊಂಡ್ರೆ, 100 ವ್ಯಾಟಿನ ಕೆಲಸ 25ರಾಗೆ ಮುಗೀತೈತಿ. ರಿಸೀವರಿಗೆ ಸುರಿಯೋ ದುಡ್ಡು ಸ್ಪೀಕರಿಗೆ ಹಾಕ್ರಿ ಅಂತ ನಾನು ಹೇಳೋದು ಇದಕ್ಕೇ.

ಹರಿಹರ ಅಂದ್ರೆ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡಿದ ಊರು. ಕೂದಲೆಳೆ ವ್ಯತ್ಯಾಸ ಬಂದ್ರೂ ಮಾಲು ವಾಪಸ್ ಕಳಿಸ್ತಿದ್ದ ಗಂಡಸ್ರು ಇದ್ದ ಊರು. ಅಂಥವ್ರ ಮನ್ಯಾಗೆ ಸ್ಪೀಕರ್ ಡಬ್ಬಿ ಮುಂದೆ ನಿಂತಾಗ ಮಾತ್ರ ದೊಡ್ಡ ಸಂಖ್ಯೆಗೆ ಕೈ ಮುಗೀತಾರೆ. ಅಳತೆ ಕೇಳೋಕೆ ಏನು ನಾಚಿಕೆ? ನಾವು ತರಕಾರಿಯವನ ತಕ್ಕಡಿ ನೋಡಲ್ವಾ?

ಅದಕ್ಕೇ ಮುಂದಿನ ಸಲ ಅಂಗಡಿಗೆ ನೀವೂ ಹೋಗ್ರಿ, ನಾಲ್ಕು ಮಾತು ಕೇಳ್ರಿ. ಎರಡು ಚಾನೆಲ್ ನಡೆಸಿ 8 ಓಮಿಗೆ ಎಷ್ಟು ವ್ಯಾಟ್? ಸ್ಪೀಕರ್ ಸೆನ್ಸಿಟಿವಿಟಿ ಎಷ್ಟು? ಸ್ಪೀಕರ್ ಎಷ್ಟು ಓಮ್, ರಿಸೀವರ್ ಅದಕ್ಕೆ ಒಪ್ತೈತಾ? 8ರ ಬದಲು 4 ಓಮ್ ಹಾಕಿದ್ರೆ ಎರಡರಷ್ಟು ಕರೆಂಟ್ ಎಳೀತೈತಿ, ರಿಸೀವರ್ ಕಾದು ತಾನೇ ಬಂದ್ ಆಗಬಹುದು. ನಾಲ್ಕನೇದು, ನಮ್ಮ ಹಾಲ್ ಇಷ್ಟು, ಸೋಫಾ ಇಷ್ಟು ದೂರ, ಇದಕ್ಕೆ ಯಾವುದು ಸಾಕು? ಉತ್ತರ ಕೊಡದವನ ಹತ್ರ ತಗೋಬ್ಯಾಡ್ರಿ.

ಮನೆಗೆ ತಂದ ಮ್ಯಾಲೆ ನಮ್ಮದೂ ಒಂದು ತಪ್ಪು ಐತಿ, ಒಪ್ಕೊಂತೀನಿ. ರಿಸೀವರ್ ಮ್ಯಾಲೆ ಕ್ರೋಶಾ ಬಟ್ಟೆ ಹಾಸಿ, ಅದರ ಮ್ಯಾಲೆ ಗಣಪತಿ ಇಡಬ್ಯಾಡ್ರಿ. ಅದು ಉಸಿರಾಡೋದು ಆ ಜಾಲರಿಯಿಂದ. ನಮ್ಮನ್ಯಾಗೆ ಹೋದ ವಾರವೇ ತೆಗೆದೆ.

ತಂಗಿಗೆ ಫೋನ್ ಮಾಡಿ ಈ ಲೆಕ್ಕ ಎಲ್ಲ ಓದಿ ಹೇಳೀನಿ. ಬರೋ ಭಾನುವಾರ ಹರಿಹರಕ್ಕೆ ಹೋಗ್ತಿದೀನಿ, ಎರಡೂ ಪುಸ್ತಕ ಕೈಯಾಗೆ ಹಿಡ್ಕೊಂಡು. ಟ್ವೀಟರ್ ರಿಪೇರಿ ದುಡ್ಡು ಕುಣಿದವರು ಕೊಡ್ಲಿ. ಸೀರಿಯಲ್ ಮಾತ್ರ ನಿಲ್ಲಲ್ಲ.