ಬಾಡಿಗೆ ಮನೆಗೆ ಬಂದ ನಾಯಿಮರಿ

ಹಾಸನದ ಕಾಲೇಜುಗಳು ತೆರೆಯುವ ಹೊತ್ತಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಅಪ್ಪ, ಮಗ ರೂಮು ಹುಡುಕಿಕೊಂಡು ಬರುತ್ತಾರೆ. ನೀರು, ಕರೆಂಟು, ಅಡ್ವಾನ್ಸು ಎಲ್ಲದರ ಮಾತೂ ಆಗುತ್ತದೆ. ನಾಯಿಯ ಮಾತು ಮಾತ್ರ ಆಗುವುದಿಲ್ಲ. ಆಗಿನ್ನೂ ನಾಯಿ ಇರುವುದಿಲ್ಲವಲ್ಲ! ಅದು ಬರುವುದು ಮಳೆಗಾಲದ ಒಂದು ರಾತ್ರಿ, ಚರಂಡಿ ಪಕ್ಕದಲ್ಲಿ ಕುಂಯ್‌ಗುಡುತ್ತ. ಹುಡುಗರು ಎತ್ತಿಕೊಂಡು ಬಂದು ಹಾಲು ಹಾಕುತ್ತಾರೆ. ತಿಂಗಳೊಳಗೆ ಮಾಲೀಕರು ಬಾಗಿಲು ತಟ್ಟುತ್ತಾರೆ: "ಒಂದೋ ನಾಯಿ ಬಿಡಿ, ಇಲ್ಲ ಮನೆ ಬಿಡಿ."

ಹೀಗೆನ್ನಲು ಅವರಿಗೆ ಹಕ್ಕಿದೆಯೇ? ಮೊದಲು ಕರಾರುಪತ್ರ ತೆಗೆದು ನೋಡಿ. 'ಪ್ರಾಣಿ ಸಾಕಕೂಡದು' ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಪಾಲಿಸಲೇಬೇಕು. ಷರತ್ತು ಇಲ್ಲದಿದ್ದರೆ, ಬಾಡಿಗೆದಾರ ನಾಯಿ ಸಾಕಲೇಬಾರದು ಎನ್ನುವ ಕಾಯ್ದೆಯೇನೂ ಇಲ್ಲ. ನಿವಾಸಿಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಅದು ಸಂಘಗಳಿಗೆ ಹೇಳಿದ ಮಾತು. ನೀವು ಒಪ್ಪಿ ಮಾಡಿಕೊಂಡ ಕರಾರನ್ನು ಅದು ಅಳಿಸಿಹಾಕುವುದಿಲ್ಲ.

ಹಾಗೆಂದು ಸಾಮಾನು ಬೀದಿಗೆಸೆಯುವ ಅಧಿಕಾರ ಮಾಲೀಕರಿಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ, ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಆಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು.

ಇನ್ನು ಖರ್ಚಿನ ವಿಷಯ. ಅದೇ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಸಹಜ ಸವೆತಕ್ಕೆ ವಿನಾಯಿತಿಯುಂಟು. ಗೋಡೆಯ ಬಣ್ಣ ಮಾಸಿದ್ದು ಸವೆತ. ನಾಯಿ ಕೆರೆದು ಹಾಳಾದ ಬಾಗಿಲು ಸವೆತವಲ್ಲ. ಅದರ ರಿಪೇರಿ ಹಣವನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರೆ ತಕರಾರು ತೆಗೆಯುವುದು ಕಷ್ಟ. ಆದ್ದರಿಂದ ಮನೆ ಸೇರಿದ ದಿನವೇ ಬಾಗಿಲು, ನೆಲ, ಗೋಡೆಗಳ ಫೋಟೊ ತೆಗೆದಿಡಿ. ಅಡ್ವಾನ್ಸಿಗೆ ರಸೀದಿ ಕೇಳಿ. ಮಾಲೀಕರು 'ಆಯ್ತು, ಇರಲಿ' ಎಂದರೆ ಅದನ್ನೂ ಕರಾರಿನಲ್ಲಿ ಒಂದು ಸಾಲು ಬರೆಸಿ. ಬಾಯಿಮಾತು ಜಗಳದ ದಿನ ನೆನಪಿರುವುದಿಲ್ಲ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಲಸಿಕೆಯ ಕಾರ್ಡು ತೋರಿಸಿದರೆ ಮಾಲೀಕರ ಅರ್ಧ ಭಯ ಹೋಗುತ್ತದೆ. ರಾತ್ರಿ ಬೊಗಳದಂತೆ, ಮೆಟ್ಟಿಲ ಮೇಲೆ ಗಲೀಜಾಗದಂತೆ ನೋಡಿಕೊಂಡರೆ ಉಳಿದರ್ಧವೂ ಹೋದೀತು.

ಪೋಷಕರಿಗೊಂದು ಮಾತು. ಪರೀಕ್ಷೆ ಮುಗಿದು ರೂಮು ಖಾಲಿ ಮಾಡುವ ದಿನ ಆ ನಾಯಿಯ ಗತಿಯೇನು? ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಈಡಾಗುವಂತೆ ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. ಕಾನೂನಿಗೆ ಹೆದರಿ ಯಾರೂ ನಾಯಿ ಸಾಕುವುದಿಲ್ಲ, ನಿಜ. ಅದಕ್ಕೇ ಮರಿಯನ್ನು ಎತ್ತಿಕೊಂಡ ರಾತ್ರಿಯೇ ಊರಿಗೊಂದು ಫೋನು ಮಾಡಿಬಿಡಿ: "ಅಮ್ಮಾ, ರಜೆಗೆ ಬರುವಾಗ ಇದನ್ನೂ ಕರೆತರಲೇ?" ಅಮ್ಮ ಹೂಂ ಎಂದರೆ ಮಾತ್ರ ಹಾಲಿನ ತಟ್ಟೆ ಇಡಿ. ಇಲ್ಲವಾದರೆ ಮರಿಯನ್ನು ಕೊನೆತನಕ ಸಾಕುವ ಬೇರೊಂದು ಮನೆಯನ್ನು ಆಗಲೇ ಹುಡುಕಿ.