ಕಾಡು ಬೆಳೆಸುವುದೂ ಒಂದು ಉದ್ಯೋಗವೇ?

ಮುಂದೆ ಏನಾಗುವಿರೆಂದು ತರಗತಿಯಲ್ಲಿ ಕೇಳಿದರೆ ಡಾಕ್ಟರು, ಇಂಜಿನಿಯರು, ಬ್ಯಾಂಕು, ಕಂಪ್ಯೂಟರು ಎಂಬ ಉತ್ತರಗಳು ಸಾಲಾಗಿ ಬರುತ್ತವೆ. ಕಾಡು ಬೆಳೆಸುವೆನೆಂದವರನ್ನು ನಾವು ಇದುವರೆಗೆ ಕಂಡಿಲ್ಲ. ಯಾರಾದರೂ ಹಾಗೆಂದಿದ್ದರೆ ತರಗತಿಯೆಲ್ಲ ನಗುತ್ತಿತ್ತೇನೋ; ‘ಮಾಲಿಯ ಕೆಲಸಕ್ಕೆ ಇಷ್ಟು ಓದಬೇಕೆ?’ ಎಂದು ಮನೆಯವರೂ ಕೇಳುತ್ತಿದ್ದರು. ಆ ನಗೆ ಅನುಚಿತವೆಂಬುದು ನಮ್ಮ ಅಭಿಪ್ರಾಯ.

ಧಾರಾವಿಯ ಅಂಚಿನಲ್ಲಿ, ಸಾಯನ್–ಬಾಂದ್ರಾ ಲಿಂಕ್ ರಸ್ತೆಯ ಬದಿಗೆ, ಮಹಾರಾಷ್ಟ್ರ ನಿಸರ್ಗೋದ್ಯಾನವಿದೆ. ನಿಮ್ಮಲ್ಲಿ ಹಲವರು ಬಸ್ಸಿನ ಕಿಟಕಿಯಿಂದ ಅದರ ಮರಗಳನ್ನು ನೋಡಿರಬಹುದು. ಆ ಮರಗಳ ಬೇರಿನಡಿ ಏನಿದೆಯೆಂಬುದನ್ನು ಬಲ್ಲವರು ವಿರಳ. ಸುಮಾರು 37 ಎಕರೆಯ ಆ ನೆಲ 1970ರ ದಶಕದವರೆಗೂ ಈ ಮಹಾನಗರದ ಕಸ ಸುರಿಯುವ ತಾಣವಾಗಿತ್ತು. 1983ರಲ್ಲಿ ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿಯವರು ಅಲ್ಲಿ ಮೊದಲ ಸಸಿಯನ್ನು ನೆಟ್ಟರು. ಉದ್ಯಾನವು ಜನರಿಗೆ ತೆರೆದುದು 1994ರಲ್ಲಿ. ನಡುವಿನ ಹನ್ನೊಂದು ವರ್ಷಗಳನ್ನು ಗಮನಿಸಿರಿ. ಸಸಿ ನೆಡುವುದು ಒಂದು ಮುಂಜಾನೆಯ ಕೆಲಸ. ಕಾಡು ಮರಳುವುದು ಹಾಗಲ್ಲ. ಕಸದ ಮೇಲೆ ಮಣ್ಣು ಹರಡಬೇಕು. ಬಿಸಿಲನ್ನೂ ಬಡನೆಲವನ್ನೂ ತಾಳುವ ಗಿಡಗಳನ್ನು ಮೊದಲು ಬೆಳೆಸಬೇಕು. ಅವುಗಳ ತರಗೆಲೆ ಕೊಳೆತು ಗೊಬ್ಬರವಾಗಿ, ನೆರಳು ಕವಿದ ಬಳಿಕವೇ ನೆರಳನ್ನು ಬಯಸುವ ಸಸಿಗಳಿಗೆ ಅಲ್ಲಿ ಸ್ಥಾನ. ಆಮೇಲೆ ಹಕ್ಕಿಗಳು ತಾವೇ ಬೀಜ ತರುತ್ತವೆ. ಅವುಗಳಿಗೆ ಕೂಲಿ ಕೊಡಬೇಕಾಗಿಲ್ಲ! ಇಷ್ಟೆಲ್ಲವನ್ನು ಅರಿತು ನಡೆಸುವವನನ್ನು ಏನೆಂದು ಕರೆಯೋಣ? ವನಮಹೋತ್ಸವದಂದು ಗುಂಡಿ ತೋಡಿ, ಭಾವಚಿತ್ರ ತೆಗೆಸಿಕೊಂಡು, ಮರುದಿನ ನೀರು ಹಾಕಲು ಮರೆಯುವವರು ಅವನನ್ನು ನೋಡಿ ನಗಲಾಗದು. ಹಾಗೆ ಮರೆತವರಲ್ಲಿ ನಾವೂ ಒಬ್ಬರೆಂದು ಒಪ್ಪಿಕೊಳ್ಳುತ್ತೇವೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮುಖವನ್ನೇ ಕಂಡವರಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಯಾಗಿ ದುಡಿದ ಆ ತಾಯಿ, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಬಲ್ಲವರಾಗಿದ್ದರು. 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋದರು, 2024ರಲ್ಲಿ ತೀರಿಕೊಂಡರು. ಹಾಗಾದರೆ ಓದೇ ಬೇಡವೆ? ಬೇಕು. ಅಂಥವರ ಅರಿವು ಅವರೊಡನೆಯೇ ಅಳಿಯದಂತೆ ಕೇಳಿ, ಬರೆದು, ಪರೀಕ್ಷಿಸಿ, ಮಕ್ಕಳಿಗೆ ತಿಳಿಸುವವರು ಬೇಕು. ಇಂಗ್ಲಿಷ್ ಬಾರದೆಂದು ಅಳುಕುವ ನಿಮಗೆ ಇಲ್ಲೊಂದು ಅನುಕೂಲವಿದೆ: ಊರಿನ ಅಜ್ಜಿಯ ಮಾತು ನಿಮಗೆ ಭಾಷಾಂತರವಿಲ್ಲದೆ ತಿಳಿಯುತ್ತದೆ. ಆದರೂ ಇಂಗ್ಲಿಷನ್ನು ಕಲಿಯಿರಿ. ಶಾಸ್ತ್ರಗ್ರಂಥಗಳು ಹೆಚ್ಚಾಗಿ ಅದರಲ್ಲಿವೆ.

ಸಸ್ಯಶಾಸ್ತ್ರವನ್ನು ಈ ನಗರದ ಕಾಲೇಜುಗಳಲ್ಲೇ ಓದಬಹುದು. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಗೋರೆಗಾಂವದಲ್ಲಿ ನಿಸರ್ಗ ಶಿಕ್ಷಣ ಕೇಂದ್ರವನ್ನು ನಡೆಸುತ್ತಿದೆ. ಸಂಬಳ ಬ್ಯಾಂಕಿನಷ್ಟು ಬಾರದೆಂಬುದನ್ನು ಮುಚ್ಚಿಡುವುದಿಲ್ಲ. ಮನೆಯ ಪರಿಸ್ಥಿತಿಯನ್ನು ನೋಡಿಕೊಂಡೇ ನಿರ್ಧರಿಸಿರಿ.

ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರು ಅಜ್ಜಿಯನ್ನು ಕೇಳಿ ಹತ್ತು ಮರಗಳ ಹೆಸರನ್ನೂ ಅವು ಹಣ್ಣಾಗುವ ತಿಂಗಳನ್ನೂ ಒಂದು ವಹಿಯಲ್ಲಿ ಬರೆದು ತನ್ನಿರಿ. ಜೂನಿನಲ್ಲಿ ಆ ವಹಿಗಳನ್ನು ನೋಡಲು ನಾವು ಕಾದಿರುತ್ತೇವೆ.