ಹಳೆಯ ಮೋಟಾರಿನ ಮರದ ಫಲಕ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಸಮಾಜದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಪತಿ ಲಿಂಗೈಕ್ಯರಾಗಿ ಎರಡು ವರುಷಗಳಾದವು. ಆ ಪುಣ್ಯಾತ್ಮರು ಬಹುಕಾಲ ಆಸೆಪಟ್ಟು ಕೊಂಡಿದ್ದ 1962ರ ಜಾಗ್ವಾರ್ ಮಾರ್ಕ್ 2 ಕಾರು ಮನೆಯಲ್ಲಿದೆ. ಚಾಲಕನೆದುರಿನ ಮರದ ಫಲಕ ಬಣ್ಣಗೆಟ್ಟು ಬಿರಿದಿದೆ. ಪಕ್ಕದ ಸಾಮಾನಿನ ಗೂಡಿನ ಮುಚ್ಚಳದ ಮೂಲೆಯಲ್ಲಿ ಪದರ ಮೇಲೆದ್ದಿದೆ. ಎಲ್ಲವನ್ನೂ ಕಿತ್ತು ಹೊಸತು ಹಾಕಿಸಿ ಒಳ್ಳೆಯ ಬೆಲೆಗೆ ಮಾರೋಣವೆಂಬುದು ಮಗನ ವಾದ. ಯಜಮಾನರ ಕೈ ಸವರಿದ ಮರವನ್ನು ಯಾರೂ ಮುಟ್ಟಕೂಡದೆಂಬುದು ತಾಯಿಯವರ ಹಟ. ತಾವು ಹೇಳಿದಂತೆ ನಡೆಯುವೆವೆಂದು ಇಬ್ಬರೂ ಸಹಿ ಹಾಕಿ ಕಳಿಸಿದ್ದಾರೆ.

ಮಠದಲ್ಲಿ ಓದಿದವರಿಗೆ ಮೋಟಾರಿನ ಗೊಡವೆ ಏಕೆಂದು ಕೆಲ ವಾಚಕ ಬಂಧುಗಳು ನಗಬಹುದು. ಬಿದಿರು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರನ್ನು ಶರಣರೆಂದು ಪೂಜಿಸುವ ನಮಗೆ ಮರಗೆಲಸದ ಮಾತು ಹೊರಗಿನದಲ್ಲ. 2015ರ ನವೆಂಬರಿನಲ್ಲಿ ಥೇಮ್ಸ್ ನದಿಯ ದಂಡೆಯ ಲ್ಯಾಂಬೆತ್‌ನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅಲ್ಲಿನ ಭಕ್ತರ ಮನೆಯ ತೊಡಕೂ ನಮ್ಮದೇ ತಾನೆ?

ಮೊದಲು ವಸ್ತುವನ್ನು ಅರಿಯೋಣ. 1959ರಿಂದ 1967ರವರೆಗೆ ಕವೆಂಟ್ರಿಯಲ್ಲಿ ತಯಾರಾದ ಈ ಕಾರಿನ ಫಲಕ ಇಡಿಯ ಮರದ ಹಲಗೆಯಲ್ಲ. ಕೆಳಗಿರುವುದು ಪ್ಲೈವುಡ್, ಅದರ ಮೇಲೆ ಅಕ್ರೋಟ ಮರದಿಂದ ಸುಲಿದ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪದರವನ್ನು ಅಂಟಿಸಿ, ಮೇಲೆ ಲ್ಯಾಕರ್ ಬಳಿದಿದ್ದಾರೆ. ನಮ್ಮ ಸಾಗುವಾನಿಯ ಪಲ್ಲಕ್ಕಿ ಮಾಸಿದರೆ ಬಡಗಿ ಧೈರ್ಯವಾಗಿ ಹತ್ತರಿ ಹಿಡಿಯುತ್ತಾನೆ. ಎಷ್ಟು ಕೆರೆದರೂ ಒಳಗೆ ಮರವೇ. ಇಲ್ಲಿ ಉಜ್ಜುವ ಯಂತ್ರವನ್ನು ಅರೆಗಳಿಗೆ ಹೆಚ್ಚಾಗಿ ಒತ್ತಿದರೆ ಪದರ ಸವೆದು ಪ್ಲೈವುಡ್ ಇಣುಕುತ್ತದೆ. ಒಮ್ಮೆ ಹೋದ ಆ ಪದರ ಮರಳದು.

ಬಣ್ಣಗೆಡುವುದಕ್ಕೂ ಕಾರಣವಿದೆ. ಎಷ್ಟೋ ಜಾತಿಯ ಮರಗಳು ಬೆಳಕಿಗೆ ಕಪ್ಪಾದರೆ ಅಕ್ರೋಟವು ಬಿಸಿಲಿಗೆ ಬಿಳಿಚುತ್ತದೆ. ಗಾಜಿನೊಳಗಿಂದ ಅರುವತ್ತು ವರುಷ ಬಿದ್ದ ಬಿಸಿಲು ಅದನ್ನು ಒಣಹುಲ್ಲಿನ ಬಣ್ಣಕ್ಕೆ ತಂದಿರಬೇಕು. ಆದರೆ ವೇಗಮಾಪಕದ ಉಂಗುರವನ್ನು ಬಿಚ್ಚಿ ನೋಡಿದರೆ, ಬೆಳಕು ತಾಗದ ಅಂಚಿನಲ್ಲಿ ಮೊದಲಿನ ಕಂದುಬಣ್ಣ ಇನ್ನೂ ಉಳಿದಿರುತ್ತದೆ. ಹೊಸದಾಗಿ ಬಣ್ಣ ಕೂಡಿಸುವವನಿಗೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಬೇರೊಂದಿಲ್ಲ.

ಇನ್ನು ತಾಯಿಯವರಿಗೆ ನಾವು ಹೇಳಬೇಕಾದುದು: ಮುಟ್ಟದೆ ಬಿಡುವುದು ಕಾಪಾಡಿದಂತಲ್ಲ. ಬಿರಿದ ಲ್ಯಾಕರಿನ ಸಂದಿಯಿಂದ ತೇವ ಇಳಿದರೆ ಅಂಟು ಸಡಿಲುತ್ತದೆ, ಪದರ ಏಳುತ್ತದೆ, ಕೊನೆಗೆ ಪ್ಲೈವುಡ್ಡೇ ಕೊಳೆಯುತ್ತದೆ. ಗಾಜಿನ ಸುತ್ತಣ ರಬ್ಬರು ಹಳತಾಗಿದ್ದರೆ ಮಳೆನೀರೂ ಜಿನುಗುತ್ತದೆ. ಅದನ್ನು ಬದಲಿಸದೆ ಮರವನ್ನು ರಿಪೇರಿ ಮಾಡಿಸುವುದು ಸೋರುವ ಮಾಳಿಗೆಯ ಕೆಳಗೆ ಸುಣ್ಣ ಬಳಿದಂತೆ.

ಮಗನಿಗೆ ನಮ್ಮ ಮಾತು ತುಸು ಖಾರವಾಗಿ ತೋರೀತು. ಮೂಲೆಯೊಂದು ಎದ್ದಿತೆಂದು ಇಡೀ ಫಲಕವನ್ನು ಎಸೆಯುವ ಅವಸರವೇಕೆ? ಇಂಥ ಕಾರುಗಳಲ್ಲಿ ಫಲಕ, ಮುಚ್ಚಳ, ಬಾಗಿಲ ಅಂಚುಗಳಿಗೆ ಹೊಂದುವ ಪದರಗಳನ್ನೇ ಆರಿಸಿ ಅಂಟಿಸಿರುತ್ತಾರೆ. ಒಂದನ್ನು ಹೊಸತು ಮಾಡಿದರೆ ಉಳಿದವು ಪರಕೀಯವಾಗಿ ಕಾಣುತ್ತವೆ. ಎಲ್ಲವನ್ನೂ ಹೊಸತು ಮಾಡಿದರೆ ಆ ಕಾರಿನೊಂದಿಗೆ ಹುಟ್ಟಿದ ಮರವೇ ಉಳಿಯದು. ಹಳೆಯ ಕಾರುಗಳ ಬೆಲೆ ಬಲ್ಲವರು ಮೂಲದ ಮರವನ್ನೇ ಮೊದಲು ಹುಡುಕುತ್ತಾರೆ. ಲಾಭದ ಲೆಕ್ಕದಲ್ಲಿಯೂ ಮಗನ ದಾರಿ ನಮಗೆ ಒಪ್ಪಿಗೆಯಾಗದು.

ಎದ್ದ ಮೂಲೆಯ ಕೆಳಗಿನ ಧೂಳನ್ನು ತೆಗೆದು, ತೆಳುವಾಗಿ ಅಂಟು ತೂರಿಸಿ, ಮೇಣದ ಕಾಗದವಿಟ್ಟು ಮರದ ತುಂಡಿನಿಂದ ಬಿಗಿದು ಒಂದು ದಿನ ಬಿಡಬೇಕು. ಹಳೆಯ ಲ್ಯಾಕರ್ ಯಾವುದೆಂದು ಮರೆಯ ಜಾಗದಲ್ಲಿ ಥಿನ್ನರ್ ಅದ್ದಿದ ಹತ್ತಿಯಿಂದ ಪರೀಕ್ಷಿಸಲಿ. ನೈಟ್ರೋಸೆಲ್ಯುಲೋಸ್ ಆಗಿದ್ದರೆ ಕರಗಿ ಹತ್ತಿಗೆ ಬರುತ್ತದೆ, ಪಾಲಿಯೆಸ್ಟರ್ ಕರಗದು. ಕರಗದಿದ್ದರೆ ತಾಳ್ಮೆಯಿಂದ ಕೆರೆಯುವ ನುರಿತ ಕೈಯೇ ಬೇಕು. ಎರಡು ದ್ರವ ಬೆರೆಸಿ ಸಿಂಪಡಿಸುವ ಪಾಲಿಯುರೆಥೇನಿನಲ್ಲಿ ಉಸಿರಿಗೆ ಕೇಡು ತರುವ ಐಸೊಸಯನೇಟ್ ಇರುವುದರಿಂದ ಮನೆಯ ಗ್ಯಾರೇಜಿನಲ್ಲಿ ಅದನ್ನು ಮಾಡಲೇಬಾರದು. ಫಲಕ ಬಿಚ್ಚುವ ಮುನ್ನ ಬ್ಯಾಟರಿಯ ತಂತಿ ಕಳಚಿ, ಪ್ರತಿಯೊಂದು ತಂತಿಗೂ ಚೀಟಿ ಕಟ್ಟುವುದನ್ನು ಮರೆಯಬಾರದು.

ಪ್ಲೈವುಡ್ಡೇ ಕೊಳೆತು ಪುಡಿಯಾಗಿದ್ದರೆ ಮಾತು ಬೇರೆ. ಆಗ ಹೊಸ ಹಲಗೆ, ಹೊಸ ಪದರ ಅನಿವಾರ್ಯ. ಅದನ್ನು ತಾಯಿಯವರು ಕಣ್ಣಾರೆ ಕಂಡು ಒಪ್ಪಬೇಕು. ಬಿಚ್ಚಿದ ದಿನ ಅವರನ್ನು ಕರೆದು ಹಿಂಬದಿಯನ್ನು ತೋರಿಸಿರೆಂದು ಮಗನಿಗೆ ಬರೆದಿದ್ದೇವೆ. ಹಳೆಯ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಡಲಿ. ಮಾರುವ ಮಾತು ಅಲ್ಲಿಯವರೆಗೆ ಮನೆಯಲ್ಲಿ ಏಳದಿರಲಿ.

ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಲೇಸು. ಆ ನಾಡಿನ ತೇವದ ಹವೆಯಲ್ಲಿ ಬಳಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಾಲಿನಂತೆ ಮಬ್ಬಾಗುತ್ತದೆ, ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.